ಮೂಲಾಕ್ಷರದ ಮೇಷ್ಟ್ರು

ನಿವೃತ್ತ ಅರಬ್ಬಿ ಮೇಷ್ಟ್ರು ರಹಮತುಲ್ಲಾ ಅವರಿಗೆ ಶಬ್ದಗಳ ಮೇಲಿರುವ ಕಾಳಜಿ ಮನುಷ್ಯರ ಮೇಲಿಲ್ಲ ಎಂಬುದು ಹೆಂಡತಿ ಖೈರುನ್ನೀಸಾ ಅವರ ತೀರ್ಮಾನ. ಹರಿಹರದ ಅಂಗಡಿಯವರು ‘ಹಲ್ವ’ ಎಂದರೂ ‘ಅಸಲು’ ಎಂದರೂ ಸಾಕು, ಬೆರಳು ಮಡಚುತ್ತ ಆ ಅರಬ್ಬಿ ಶಬ್ದ ಹುಟ್ಟಿದ ಮೂರು ಮೂಲಾಕ್ಷರ ಹೇಳದೆ ಮೇಷ್ಟ್ರು ಅಲ್ಲಿಂದ ಕದಲುವುದಿಲ್ಲ. ಹಾಲು ಉಕ್ಕಿದರೆ, ಉಕ್ಕುವುದಕ್ಕೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂದು ಯೋಚಿಸುತ್ತಾರೆಯೇ ಹೊರತು ಒಲೆ ಆರಿಸುವುದಿಲ್ಲ. ಮೊನ್ನೆ ಖೈರುನ್ನೀಸಾ, “ಅಜೀ, ಎದಿ ಯಾಕೋ ಢವಢವ ಅಂತೈತೆ” ಎಂದಾಗಲೂ ಅಷ್ಟೆ. “ವಾವ್, ಜೀಮ್, ಫಾ, ಮೂರೇ ಅಕ್ಷರ! ಎದಿ ನಡುಗೋದಕ್ಕೂ ಕುದುರೆ ಜೋರಾಗಿ ಓಡ್ಸೋದಕ್ಕೂ ಮೂಲ ಒಂದೇ ಐತೆ ನೋಡು” ಎಂದು ಕಣ್ಣರಳಿಸಿದರು. “ಕುದುರೆ ಬ್ಯಾಡ, ಆಟೋ ಕರೀರಿ” ಎಂದು ಆಕೆ ಗದರಿದರು. ದಾವಣಗೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಕೆಗೆ ಉಸಿರು ಸಾಲದಾಗಿತ್ತು. ಸ್ಟ್ರೆಚರಿನ ಮೇಲೆ ಮಲಗಿಸಿ ಹೆಸರು ಕೇಳಿದ ನರ್ಸ್, ಧೈರ್ಯ ತುಂಬಲೆಂದೋ ಏನೋ, “ಖೈರುನ್ನೀಸಾ! ಚಂದ ಐತ್ರಿ. ಹಂಗಂದ್ರೆ ಏನ್ರಿ ಅಜ್ಜಾರೆ?” ಎಂದಳು. ಇನ್ನು ತನ್ನ ಕಥೆ ಮುಗಿಯಿತೆಂದು ಖೈರುನ್ನೀಸಾ ಕಣ್ಣು ಮುಚ್ಚಿಕೊಂಡರು. “ಗೊತ್ತಿಲ್ಲಮ್ಮ, ದೂಡು” ಎಂದ ಮೇಷ್ಟ್ರು, ತಾವೇ ಸ್ಟ್ರೆಚರಿಗೆ ಕೈಹಚ್ಚಿ ಓಡತೊಡಗಿದರು.