ಮುಟ್ಟು ನಿಂತ ಮೇಲೆ ಹೊರಗೆ ಕೂತ ಪುಟ್ಟಮ್ಮ

ಮೊಮ್ಮಗಳ ಮದುವೆ ಮಾಡಿದ ಹೆಂಗಸು ಮುಟ್ಟಾಗಿ ಹೊರಗೆ ಕೂರುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಇಲ್ಲೇ, ನಮ್ಮ ಶ್ರೀರಾಂಪುರದಲ್ಲಿ.

ಪಕ್ಕದ ಮನೆಯ ಪುಟ್ಟಮ್ಮ ಹಿತ್ತಿಲ ಬಾಗಿಲಲ್ಲಿ ಚಾಪೆ ಹಾಸಿ, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಕೂತಿದ್ದಳು. ಒಳಗೆ ಸೊಸೆಯ ಅಡುಗೆ. (ಒಲೆ ಹತ್ತಿರ ಸೊಸೆಯನ್ನು ಸುಲಭಕ್ಕೆ ಬಿಡುವವಳಲ್ಲ ಈ ಪುಟ್ಟಮ್ಮ.)

"ಏನೇ ಇದು ವೇಷ?" ಅಂದೆ.

"ಮತ್ತೆ ಶುರುವಾಗ್ಬುಟ್ಟದೆ ಕಣಕ್ಕ," ಅಂತ ನಾಚಿಕೊಂಡು ನಕ್ಕಳು. "ನಿಂತು ಎಷ್ಟೋ ವರ್ಷ ಆಗಿತ್ತು. ವಯಸ್ಸು ವಾಪಸ್ ಬಂತೇನೋ."

"ವಾಪಸ್ ಬರೋಕೆ ಅದೇನು ಸಿಟಿ ಬಸ್ಸಾ? ಯಾವಾಗಿಂದ?"

"ಯುಗಾದಿಯಿಂದ ಒಂಚೂರು ಕಾಣಿಸ್ಕತಿತ್ತು. ಈಗ ಜಾಸ್ತಿ."

ಗೌರಿ ಹಬ್ಬ ಹತ್ತಿರ ಬಂದಿತ್ತು. ಅಷ್ಟು ದಿನವೂ ದೇವರ ಮನೆ ಮೈಲಿಗೆಯಾಗದಂತೆ ನೋಡಿಕೊಂಡಿದ್ದರು. ಮಗನಿಗೆ ಅದು ಹೆಂಗಸರ ವಿಷಯ. ಸೊಸೆಗೆ ಕೇಳಲು ನಾಚಿಕೆ. ಡಾಕ್ಟರ ನೆನಪು ಯಾರಿಗೂ ಬರಲಿಲ್ಲ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ನನ್ನ ನಾದಿನಿ ಹೀಗೇ ರಕ್ತ ಹೋಗಿ ಸತ್ತಿದ್ದು ಗೊತ್ತು. ಮಾರನೆಯ ಬೆಳಿಗ್ಗೆ ಪುಟ್ಟಮ್ಮನನ್ನು ಬೈದು ಆಟೋ ಹತ್ತಿಸಿದೆ.

ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು, ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕ್ಯಾನ್ಸರುಗಳಲ್ಲಿ ನಮ್ಮ ಹೆಂಗಸರನ್ನು ಹೆಚ್ಚಾಗಿ ಕೊಲ್ಲುವುದು ಇದು, ಎದೆಯ ಗಂಟು, ಮತ್ತೆ ಹೊಗೆಸೊಪ್ಪು ತಿಂದು ಬರುವ ಬಾಯಿಹುಣ್ಣು ಅಂದರು. "ಬೇಗ ಬಂದ್ರೆ ವಾಸಿ ಮಾಡ್ತೀವಮ್ಮ. ನೀವು ಬರೋದೇ ಇಲ್ವಲ್ಲ!"

"ನಾನು ಸಾಯ್ತೀನಾ?" ಅಂದಳು ಪುಟ್ಟಮ್ಮ.

"ಇನ್ನೂ ಹರಡಿಲ್ಲ. ಹೇಳಿದಂಗೆ ಕೇಳಿದ್ರೆ ಬದುಕ್ತೀರಿ."

ಕೇಳಿದಳು. ಕರೆಂಟ್ ಕೊಟ್ಟರು, ಅದೇ ರೇಡಿಯೇಷನ್. ಸುಸ್ತಾದಳು, ಸೊರಗಿದಳು, ಆಸ್ಪತ್ರೆ ಗಂಜಿಗೆ ಉಪ್ಪಿಲ್ಲ ಅಂತ ಜಗಳವಾಡಿದಳು. (ಆಗಲೇ ನನಗೆ ಧೈರ್ಯ ಬಂದಿದ್ದು.) ಈಗ ವರ್ಷದ ಮೇಲಾಯಿತು, ಗಟ್ಟಿಯಾಗಿದ್ದಾಳೆ. ಚೆಕಪ್ಪಿಗೆ ತಾನೇ ಹೋಗಿ ಬರುತ್ತಾಳೆ.

ಮೊನ್ನೆ ಬೀದಿ ನಲ್ಲಿಯ ಹತ್ತಿರ, ಎದುರು ಮನೆಯ ಜಯಮ್ಮ ಎದೆಯಲ್ಲಿ ಗಂಟಿದೆ, ಎಣ್ಣೆ ತಿಕ್ಕುತ್ತಿದ್ದೇನೆ ಅಂತ ಪಿಸುಗುಟ್ಟಿದಳು. ಪುಟ್ಟಮ್ಮನದು ಒಂದೇ ಕೂಗು.

"ಎಣ್ಣೆ ತಿಕ್ಕೋಕೆ ಅದೇನು ಮಂಡಿನೋವಾ? ನಡಿ ಆಸ್ಪತ್ರೆಗೆ!"

"ಮೆಲ್ಲಗೆ ಕಣಕ್ಕ, ಗಂಡಸ್ರು ಕೇಳಿಸ್ಕತಾರೆ."

"ಕೇಳಿಸ್ಕಳ್ಳಿ ಬುಡು. ನಾಳೆ ಹೆಣ ಹೊರೋರು ಅವರೇ ತಾನೆ?"

ಜಯಮ್ಮನಿಗೆ ಸಿಟ್ಟು ಬಂತು. ಆದರೂ ಬಿಂದಿಗೆ ಅಲ್ಲೇ ಇಟ್ಟು ಪುಟ್ಟಮ್ಮನ ಹಿಂದೆ ಹೊರಟಳು.

ಇದನ್ನು ಓದುತ್ತಿರುವ ತಾಯಂದಿರೇ, ನೀವು ಯಾರಿಗೆ ಕೇಳಿಸುತ್ತದೆ ಅಂತ ಸುಮ್ಮನಿದ್ದೀರಿ?