ಎರಡಾಗಿ ಕಂಡ ಒಲೆ

ಕೊಟ್ಟ ಮಾತಿಗೆ ತಪ್ಪದವನು. ನೆರೆಯವರ ದೋಣಿ ಒಡೆದರೆ ಕರೆಯುವ ಮುನ್ನವೇ ಉಳಿ ಹಿಡಿದು ಹೋಗುವವನು. ಮರದ ಗಂಟನ್ನು ಬೈಯದೆ ಅದರ ಹದವರಿತು ಕೆತ್ತುವವನು. ದೇವರನ್ನು ನೆನೆಯದೆ ತುತ್ತೆತ್ತದವನು. ಮೊಂಡುತನವೊಂದನ್ನುಳಿದು ಬೇರೆ ದೋಷವಿಲ್ಲದವನು. ಉತ್ತರದ ಚಳಿನಾಡಾದ ಸವೊ ಸೀಮೆಯ ಸರೋವರದ ದಂಡೆಯ ಬಡಗಿ ತೌನೊ ಇಂಥವನು.

ಪಾರ್ಕಿನ್ಸನ್ ಬೇನೆ ಮೊದಲು ಅವನ ಕೈಯನ್ನು ನಡುಗಿಸಿತು. ಬಳಿಕ ಕಣ್ಣಿಗೂ ಬಂದಿತು. ಒಂದು ವಸ್ತು ಎರಡಾಗಿ ತೋರುವುದು. ಕಂದು ಮೆಟ್ಟಿಲು ಕಂದು ನೆಲದಲ್ಲಿ ಕರಗಿಹೋಗುವುದು. ವೈದ್ಯೆ ಎರಡನ್ನು ಒಂದಾಗಿಸುವ ಕನ್ನಡಕ ಕೊಟ್ಟು, ಮೆಟ್ಟಿಲಂಚುಗಳಿಗೆಲ್ಲ ಬಿಳಿಯ ಪಟ್ಟಿ ಹಚ್ಚಲು ಹೇಳಿದಳು. ಮನೆಗೆ ತೌನೊ ಒಪ್ಪಿದ. ತಾನೇ ಕಟ್ಟಿದ ಉಗಿಮನೆ ಸೌನಾಕ್ಕೆ ಒಪ್ಪಲಿಲ್ಲ.

"ಸೌನಾ ಅಂದ್ರೆ ಇಗರ್ಜಿ ಇದ್ದ ಹಾಗೆ ಕಣೇ. ಪಟ್ಟೆ ಬಳಿಯೋಕೆ ಅದೇನು ಐಸ್‌ಕ್ರೀಮ್ ಅಂಗಡೀನಾ?"

"ಒಲೆ ಮೇಲೆ ಬಿದ್ರೆ ನಿನ್ನನ್ನ ಆ ಇಗರ್ಜಿಗೇ ಹೊತ್ಕೊಂಡು ಹೋಗ್ಬೇಕಾಗತ್ತೆ, ಮುದುಕಪ್ಪಾ," ಎಂದಳು ಹೆಂಡತಿ ಇಂಪಿ.

ಶನಿವಾರದ ಸಂಜೆ. ಕಾದ ಚೌಕಟ್ಟು ಕೆನ್ನೆ ಸುಡುವುದೆಂದು, ಹಳೆಯ ರೂಢಿಯಂತೆ, ತೌನೊ ಕನ್ನಡಕವನ್ನು ಹೊರಗಿನ ಮೊಳೆಗೆ ತೂಗುಹಾಕಿ ಒಳಹೊಕ್ಕ. ಅದು ಅಪಾಯವೆಂದು ಇಂಪಿಗೂ ಹೊಳೆಯಲಿಲ್ಲ, ಸೌನಾದೊಳಗೆ ಕನ್ನಡಕ ಧರಿಸಿದವರನ್ನು ಅವಳು ಕಂಡವಳೇ ಅಲ್ಲ. ಇಬ್ಬರೂ ಮೇಲಿನ ಹಲಗೆಯಲ್ಲಿ ಕುಳಿತರು. ಒಲೆಯ ಮೇಲಿನ ಕಾದ ಕಲ್ಲಿಗೆ ನೀರೆರೆದು ಉಗಿ ಎಬ್ಬಿಸುವುದು ಎಂದಿನಿಂದಲೂ ತೌನೊನ ಹಕ್ಕು. ಸೌಟು ಹಿಡಿದು, ಕೆಳಗಿನ ಹಲಗೆಗೆ ಇಳಿದವನು ಅಲ್ಲೇ ನಿಂತುಬಿಟ್ಟ.

"ಇಂಪೀ... ಒಲೆ ಎರಡಿದೆ."

ಒಲೆ ಅವನ ತೋಳಿನಳತೆಯಲ್ಲಿತ್ತು. ಹಿಡಿದೆಳೆದರೆ ಬೀಳುವನು, ಸುಮ್ಮನಿದ್ದರೂ ಬೀಳುವನು.

"ಒಂದು ಕಣ್ಣು ಮುಚ್ಚು. ಈಗ?"

"ಒಂದೇ. ಆದ್ರೆ ಕಾಲೆಲ್ಲಿಡ್ಲಿ? ಎಲ್ಲಾ ಮಸಿ ಮಸಿ. ಕಾಲು ಏಳ್ತಾನೇ ಇಲ್ಲ ಕಣೇ."

ಇಂಪಿ ಸದ್ದಿಲ್ಲದೆ ಪಕ್ಕಕ್ಕಿಳಿದು, ತಾನು ಹಾಸಿ ಕುಳಿತಿದ್ದ ಬಿಳಿಯ ಬಟ್ಟೆಯನ್ನು ಸೆಳೆದು, ಕೆಳಮೆಟ್ಟಿಲಿನ ಅಂಚಿಗೆ ಇಳಿಬಿಟ್ಟಳು.

"ಬೆಳ್ಳಗೆ ಕಾಣ್ತಾ ಇದ್ಯಾ? ಅದನ್ನ ತುಳೀಬೇಡ, ಅದರ ಈಚೆಗೆ ಇಡು. ನನ್ನ ಹೆಗಲು ಹಿಡ್ಕೋ."

ತೌನೊ ಅವಳ ಹೆಗಲು ಹಿಡಿದ. ಕಲ್ಲುಗಳು ಚಿಟಗುಟ್ಟಿದವು. ಕೊನೆಗೆ ಹಿಮ್ಮಡಿ ಎದ್ದಿತು, ಬೆಳ್ಳನೆಯ ಗೆರೆಯ ಈಚೆಗೆ ಊರಿತು.

ಹೊರಗಿನ ಜಗುಲಿಯಲ್ಲಿ ಕುಳಿತು ಉಸಿರು ತಿರುಗಿದ ಮೇಲೆ ತೌನೊ ನುಡಿದ: "ನಾಳೆ ಆ ಐಸ್‌ಕ್ರೀಮ್ ಅಂಗಡಿ ತೆರೀತೀನಿ, ಮುದುಕಿ."

ಬೆಳ್ಳನೆಯ ಮರದ ಪಟ್ಟಿಗಳನ್ನು ಅವನು ಆರಿಸಿದ, ಅವಳು ಸೌನಾದ ಮೆಟ್ಟಿಲಂಚುಗಳಿಗೆ ಮೊಳೆ ಹೊಡೆದು ಕೂರಿಸಿದಳು. ಒಲೆಯ ಸುತ್ತ ಕಟಕಟೆ ಎದ್ದಿತು, ಹಲಗೆಯಡಿ ದೀಪ ಬಂದಿತು. ಸೌಟಿಗೆ ಉದ್ದನೆಯ ಹಿಡಿ ಕೂಡಿತು. ಕುಳಿತಲ್ಲಿಂದಲೇ, ಒಂದು ಕಣ್ಣು ಮುಚ್ಚಿ, ತೌನೊ ಈಗಲೂ ತಾನೇ ನೀರೆರೆಯುತ್ತಾನೆ.

ಅವನ ಹೆಜ್ಜೆಗೆ ಅಂಚು ಕಾಣುತ್ತಿರಲಿ. ಇಂಪಿಯ ಹೆಗಲು ಗಟ್ಟಿಯಾಗಿರಲಿ. ಆ ಮನೆಯ ಒಲೆ ಎಂದೂ ಆರದೆ, ಯಾರನ್ನೂ ಸುಡದೆ, ದೇವರ ದಯೆಯಿಂದ ಬೆಚ್ಚಗಿರಲಿ.