ನಾಲ್ಕನೇ ತುಂಡಿನ ಪೆಟ್ಟು

ನಮ್ಮಪ್ಪನನ್ನು ಶಾಲೆಯಲ್ಲಿ ಎಲ್ಲರೂ ಟಕ್‌ಟಕ್ ಮೇಷ್ಟ್ರು ಎನ್ನುತ್ತಿದ್ದರು. ಇಂಗ್ಲಿಷಿನ ಉದ್ದುದ್ದ ಪದಗಳನ್ನು ಅವರು ಮರದ ಅಡಿಪಟ್ಟಿಯಿಂದ ಮೇಜಿಗೆ ಬಡಿದು ಕಲಿಸುತ್ತಿದ್ದರು. ಪದದ ಒಂದೊಂದು ತುಂಡಿಗೆ ಒಂದೊಂದು ಮೆಲ್ಲನೆಯ ಟಕ್, ಒತ್ತಿ ಹೇಳಬೇಕಾದ ತುಂಡಿಗೆ ಮಾತ್ರ ಜೋರು ಪೆಟ್ಟು. ನಮ್ಮ ಬಾಯಿಗೆ ಎಲ್ಲ ತುಂಡೂ ಒಂದೇ ತೂಕ ಎನ್ನುವುದೇ ಅವರ ಜೀವಮಾನದ ತಕರಾರು.

ಅವರ ಅಚ್ಚುಮೆಚ್ಚಿನ ಪದ ರೆಸ್ಪಾನ್ಸಿಬಿಲಿಟಿ. ರೆಸ್ಪಾಂಡ್ ಎಂಬ ಪುಟ್ಟ ಪದಕ್ಕೆ ಬಾಲ ಸೇರಿ ರೆಸ್ಪಾನ್ಸಿಬಲ್ ಆಯಿತು. ಆಗಲೂ ಪೆಟ್ಟು ಎರಡನೇ ತುಂಡಿನ ಮೇಲೆಯೇ. ಇನ್ನೊಂದು ಬಾಲ ಸೇರಿ ಆರು ತುಂಡಾದಾಗ ಪೆಟ್ಟು ಅಲ್ಲಿಂದೆದ್ದು ನಾಲ್ಕನೆಯದಾದ ಬಿಲ್‌ಗೆ ಹೋಗುತ್ತದೆ. ನಿನ್ನೆ ಯಾರ ಕಿವಿಗೂ ಬೀಳದೆ ಕೂತಿದ್ದ ತುಂಡು ಇವತ್ತು ಪದದ ಭಾರವೆಲ್ಲ ಹೊರುತ್ತದೆ ನೋಡಿ, ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ತಟ್ಟೆಯ ಅಂಚಿಗೆ ಇದೇ ಬಡಿತ. ನಾನು ಓದು ಬಿಟ್ಟು ಹೊಲಿಗೆ ಹಿಡಿದದ್ದೇ ಈ ಕಾಟ ತಪ್ಪಿಸಿಕೊಳ್ಳಲು ಎಂದರೂ ಸುಳ್ಳಲ್ಲ.

ನಿವೃತ್ತರಾದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಬೆಕ್ಕು, ಲೋಟ, ಕುರ್ಚಿಯ ಚಿತ್ರ ಹಿಡಿದು ಹೇಳಿಸಲು ನೋಡಿದರು. ಅಪ್ಪ ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸಿದರು. ಅಷ್ಟು ಮಕ್ಕಳಿಗೆ ಪಾಠ ಹೇಳಿದವರಿಗೆ ಲೋಟದ ಚಿತ್ರ ತೋರಿಸಿದರೆ ಇನ್ನೇನಾದೀತು? ಇವರು ತಾವಾಗಿ ಪ್ರಯತ್ನಿಸದಿದ್ದರೆ ಮಾತು ಮರಳುವುದು ಕಷ್ಟ ಎಂದು ಆಕೆ ನನ್ನನ್ನು ಹೊರಗೆ ಕರೆದು ಹೇಳಿದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಮನೆಗೆ ಕರೆತಂದು ತಿಂಗಳಾದರೂ ಅವರು ತುಟಿ ಬಿಚ್ಚಲಿಲ್ಲ. ಒಂದು ಮಧ್ಯಾಹ್ನ ನಾನು ಬೇಸತ್ತು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರ ಅಡಿಪಟ್ಟಿಯಿಂದಲೇ ರೆಸ್ಪಾನ್ಸಿಬಿಲಿಟಿ ಬಡಿದೆ. ಜೋರು ಪೆಟ್ಟು ಎರಡನೇ ತುಂಡಿಗೆ ಬಿತ್ತು. ಬೇಕೆಂದು ಮಾಡಿದ್ದಲ್ಲ, ನನಗೆ ಅದು ಎಂದೂ ಸರಿಯಾಗಿ ಬಂದದ್ದೇ ಇಲ್ಲ. ಅಪ್ಪ ಹುಬ್ಬು ಗಂಟಿಕ್ಕಿದರು. ಎಡಗೈ ಎದ್ದು ಮಂಚದ ಅಂಚಿಗೆ ಬಡಿಯಿತು, ಮೂರು ಸಲ ಮೆಲ್ಲಗೆ, ನಾಲ್ಕನೆಯದು ಜೋರಾಗಿ. ಜೊತೆಗೆ ಒಡೆದ ದನಿಯಲ್ಲಿ "ಬಿಲ್" ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅಂದಿನಿಂದ ದಿನಕ್ಕೊಂದು ಪದ ತಪ್ಪಾಗಿ ಬಡಿದೆ. ಸರಿ ಯಾವುದೆಂದು ಬೆಳಿಗ್ಗೆಯೇ ಅವರ ಹಳೆಯ ನಿಘಂಟಿನಲ್ಲಿ ನೋಡಿಟ್ಟುಕೊಂಡು ಆಮೇಲೆ ತಪ್ಪುತ್ತಿದ್ದೆ. ಅವರು ಬಿಡದೆ ತಿದ್ದಿದರು. ಮೊದಲು ಒಂದು ತುಂಡು ಬರುತ್ತಿತ್ತು, ಬರುಬರುತ್ತಾ ಇಡೀ ಪದ. ಆದರೆ ಬಂದದ್ದೆಲ್ಲ ಇಂಗ್ಲಿಷ್ ಪದಗಳೇ. ಮೊದಲಿನ ಹಾಗೆ ಒಮ್ಮೆ ಪುಟ್ಟಿ ಎಂದು ಕರೆಯಲಿ ಎಂದು ನಾನು ಕಾಯುತ್ತಿದ್ದೆ.

ಐದನೇ ತಿಂಗಳು. ಎಕ್ಸಾಮಿನೇಷನ್ ಬಡಿದು ಅವರ ಮುಖ ನೋಡಿದೆ. ಈ ಸಲ ಅವರು ತಿದ್ದಲಿಲ್ಲ. ನನ್ನ ಕೈಯಿಂದ ಅಡಿಪಟ್ಟಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಬೇಕಂತಲೇ... ತಪ್ಪು ಮಾಡ್ತಿದೀಯಲ್ಲ, ಪುಟ್ಟಿ" ಎಂದರು.